ಗಾಡಿಗೆ ಸುಳ್ಳು ಹೇಳುವ ಡಬ್ಬಿ

"ಈಚೆಗೆ ಗಾಡಿ ಏರು ಹತ್ತೋಕೆ ತಿಣುಕಾಡುತ್ತೆ ಕಣೇ," ಅಂತ ಡ್ರೈವರಣ್ಣ ಹೆಂಡತಿಗೆ ಹೇಳಿದ್ದು ಆಸ್ಪತ್ರೆಯ ಅಂಗಳದಲ್ಲಿ. ಆವತ್ತೂ ತಡವಾಗಿತ್ತು. ಒಳಗೆ ಡಯಾಲಿಸಿಸ್ ಕೋಣೆಯ ನರ್ಸ್ ಗಡಿಯಾರ ನೋಡಿ, ಹಾಸಿಗೆ ತೋರಿಸಿದ್ದರು.

ಗಂಡ ಹೆಂಡತಿ ಇಬ್ಬರದೂ ಒಂದೇ ಕೆಲಸ. ಗುಡ್ಡದ ಈಚೆಗಿನ ಊರಿನಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ತಮ್ಮ ಡೀಸೆಲ್ ಎಸ್‌ಯುವಿಯಲ್ಲಿ ಗುಡ್ಡದ ಆಚೆಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಮುಗಿದ ಮೇಲೆ ಮನೆ ಮುಟ್ಟಿಸುವುದು. ಗಾಡಿ ಓಡಿಸುವವನು ಅವನು. ಹಿಂದೆ ಕೂತು ರೋಗಿಗಳನ್ನು ನೋಡಿಕೊಳ್ಳುವವಳು ಆಕೆ. ಮೊದಲು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಹಾಗಾಗಿ ಎಲ್ಲರ ಬಾಯಲ್ಲೂ ಸಿಸ್ಟರಕ್ಕ.

ಗಾಡಿಯಲ್ಲಿ ಬರುತ್ತಿದ್ದವರು ಮೂವರು. ಒಬ್ಬರು ಟೀಚರಮ್ಮ, ಇನ್ನೂ ಕೆಲಸ ಬಿಟ್ಟಿರಲಿಲ್ಲ, ಸೀಟಿನಲ್ಲೇ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು. ಇನ್ನೊಬ್ಬ ಮಾತು ಕಡಿಮೆ ಇರುವ ದರ್ಜಿ. ಮೂರನೆಯವರು ಹಡಗಜ್ಜ. ಅರ್ಧ ಆಯುಸ್ಸು ಹಡಗುಗಳ ಎಂಜಿನ್ ಕೋಣೆಯಲ್ಲಿ ಮುಖ್ಯ ಎಂಜಿನಿಯರ್ ಆಗಿ ಕಳೆದವರು, ಅದಕ್ಕೇ ಆ ಹೆಸರು. ಕಿವಿ ಸ್ವಲ್ಪ ಮಂದ. ಆದರೆ ಎಂಜಿನ್ ಸದ್ದು ಮಾತ್ರ ಅವರಿಗೆ ಹೇಗೋ ಕೇಳಿಸುತ್ತಿತ್ತು.

ಡಯಾಲಿಸಿಸ್ ಅಂದರೆ ಗೊತ್ತಲ್ಲ. ಮೂತ್ರಪಿಂಡ ಕೈಬಿಟ್ಟವರ ಮೈಯಲ್ಲಿ ನೀರು ನಿಲ್ಲುತ್ತದೆ, ಕಲ್ಮಶ ನಿಲ್ಲುತ್ತದೆ. ಅದನ್ನು ಯಂತ್ರ ತೆಗೆಯಬೇಕು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಅರ್ಧ ಗಂಟೆ ತಡವಾದರೆ ಆ ಅರ್ಧ ಗಂಟೆ ಚಿಕಿತ್ಸೆಯಲ್ಲೇ ಕಡಿತ, ಯಾಕೆಂದರೆ ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಅದಕ್ಕೇ ಡ್ರೈವರಣ್ಣನಿಗೆ ಅಷ್ಟು ತಳಮಳ.

ಗಾಡಿ ತಿಣುಕಾಡುವ ಮಾತು ಬಾಮೈದನ ಕಿವಿಗೆ ಬಿತ್ತು. ಸಿಸ್ಟರಕ್ಕನ ತಮ್ಮ ಅವನು, ಪೇಟೆಯಲ್ಲಿ ಗಾಡಿಗಳ ಸೀಟ್ ಕವರ್, ಹಾರ್ನ್, ದೀಪ ಇಂಥವುಗಳ ಅಂಗಡಿ ಇಟ್ಟಿದ್ದ. ಸಂಜೆ ಮನೆಗೆ ಬಂದವನೇ ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅದರಿಂದ ಎರಡು ವೈರು ಜೋತುಬಿದ್ದಿದ್ದವು.

"ಭಾವ, ಇದು ಟ್ಯೂನರ್. ಎಂಜಿನ್ ಹತ್ತಿರ ಒಂದು ಪ್ಲಗ್ ಬಿಚ್ಚಿ ಮಧ್ಯೆ ಇದನ್ನು ಸಿಕ್ಕಿಸಿದರೆ ಆಯ್ತು. ನಿಮ್ಮ ಗಾಡಿ ಏರಲ್ಲಿ ಹಾರಿಕೊಂಡು ಹೋಗುತ್ತೆ."

"ಎಂಜಿನ್ನಿಗೆ ಏನೂ ಆಗಲ್ವೇನೋ?" ಅಂದಳು ಅಕ್ಕ.

"ನನ್ನ ಗಾಡಿಗೂ ಹಾಕಿದ್ದೀನಿ ಕಣಕ್ಕ. ಏನಾಗಿದೆ? ನಿನ್ನ ಎದುರಿಗೇ ನಿಂತಿದೆಯಲ್ಲ. ಭಾವನಿಗೆ ನಾನು ಕೆಟ್ಟದ್ದು ಕೊಡ್ತೀನಾ?"

ಕೊಡುವವನಲ್ಲ ಅನ್ನುವುದು ಆಕೆಗೂ ಗೊತ್ತಿತ್ತು. ಅವನೇ ಬಾನೆಟ್ ಎತ್ತಿ, ಚಹಾ ಆರುವಷ್ಟರಲ್ಲಿ ಡಬ್ಬಿ ಸಿಕ್ಕಿಸಿ ಕೈ ಒರೆಸಿಕೊಂಡ.

ನಿಜ ಹೇಳಬೇಕು, ಮುಂದಿನ ಸಲ ಗಾಡಿ ಏರು ಹತ್ತಿದ ರೀತಿಗೆ ಎಲ್ಲರೂ ಬೆರಗಾದರು. ಟೀಚರಮ್ಮ ಉತ್ತರಪತ್ರಿಕೆಯಿಂದ ತಲೆಯೆತ್ತಿ, "ಏನಪ್ಪ, ಗಾಡಿ ಬದಲಾಯಿಸಿದೆಯಾ?" ಅಂತ ಕೇಳಿದರು. ಡ್ರೈವರಣ್ಣ ಮೀಸೆಯಲ್ಲೇ ನಕ್ಕ. ಆವತ್ತು ನರ್ಸ್ ಗಡಿಯಾರ ನೋಡಲಿಲ್ಲ.

ಹಡಗಜ್ಜ ಮಾತ್ರ ನಗಲಿಲ್ಲ. ಇಳಿದವರು ಗಾಡಿಯ ಹಿಂದಕ್ಕೆ ಹೋಗಿ, ಬಿಳಿ ಬಾಗಿಲ ಮೇಲೆ ಕೂತ ಕಪ್ಪು ಮಸಿಯನ್ನು ಬೆರಳಲ್ಲಿ ತೆಗೆದು ನೋಡಿದರು.

"ಏನು ಹಾಕಿಸಿದೆ ಇದಕ್ಕೆ?"

ಡ್ರೈವರಣ್ಣ ಹೇಳಿದ. ಅಜ್ಜ ಮಸಿಯ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

"ನೋಡಪ್ಪ, ಈಗಿನ ಡೀಸೆಲ್ ಎಂಜಿನ್ನಿಗೆ ಒಂದು ಕಂಪ್ಯೂಟರ್ ಇರುತ್ತೆ. ಡೀಸೆಲ್ ಎಷ್ಟು ಒತ್ತಡದಲ್ಲಿ ಹೋಗ್ತಾ ಇದೆ ಅಂತ ಒಂದು ಸೆನ್ಸರ್ ಅದಕ್ಕೆ ವರದಿ ಮಾಡ್ತಾ ಇರುತ್ತೆ. ನಿನ್ನ ಡಬ್ಬಿ ಅವೆರಡರ ಮಧ್ಯೆ ಕೂತು ಸುಳ್ಳು ಹೇಳುತ್ತೆ. ಒತ್ತಡ ಸಾಕಷ್ಟಿದ್ದರೂ ಕಡಿಮೆ ಇದೆ ಅಂತ ಹೇಳುತ್ತೆ. ಪಾಪ, ಕಂಪ್ಯೂಟರ್ ನಂಬಿ ಇನ್ನಷ್ಟು ಡೀಸೆಲ್ ತಳ್ಳುತ್ತೆ. ಬಲ ಬರುತ್ತೆ, ಇಲ್ಲ ಅನ್ನಲ್ಲ. ಜೊತೆಗೆ ಬಿಸಿಯೂ ಬರುತ್ತೆ, ಹೊಗೆಯೂ ಬರುತ್ತೆ."

"ಅಜ್ಜ, ದೊಡ್ಡ ಗಾಡಿ ಅಂದ ಮೇಲೆ ಸ್ವಲ್ಪ ಹೊಗೆ ಇದ್ದೇ ಇರುತ್ತಲ್ಲ."

"ಹೋದ ವರ್ಷ ಇತ್ತಾ? ಹೋದ ವರ್ಷ ಇದೇ ಏರನ್ನು ಇದೇ ಗಾಡಿ ಡಬ್ಬಿ ಇಲ್ಲದೆ ಹತ್ತುತ್ತಿತ್ತು. ಈಗ ಯಾಕೆ ಹತ್ತುತ್ತಿಲ್ಲ ಅಂತ ಯಾರಾದರೂ ನೋಡಿದ್ರಾ? ಸುಸ್ತಾದವನಿಗೆ ಏನು ಕಾಯಿಲೆ ಅಂತ ಕೇಳಬೇಕು. ಬೆನ್ನ ಮೇಲೆ ಬಾರಿಸಿ ಓಡು ಅಂದರೆ ಓಡ್ತಾನೆ, ಎಷ್ಟು ದೂರ ಓಡ್ತಾನೆ?"

ಡ್ರೈವರಣ್ಣ ತಲೆ ಕೆರೆದುಕೊಂಡ. "ನಿಮ್ಮ ಕಾಲದ ಎಂಜಿನ್ ಬೇರೆ ಅಜ್ಜ," ಅಂದ. ಅಜ್ಜ ಆಸ್ಪತ್ರೆಯ ಬಾಗಿಲ ಕಡೆ ನಡೆದರು. ಒಳಗೆ ಯಂತ್ರ ಕಾಯುತ್ತಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಸಿಸ್ಟರಕ್ಕ, "ಅಜ್ಜ ಹೇಳಿದ್ದು ಸರಿ ಅನ್ನಿಸುತ್ತೆ ರೀ. ಒಂದು ಸಲ ವರ್ಕ್‌ಶಾಪಲ್ಲಿ ತೋರಿಸಿ," ಅಂದಳು.

"ಗಾಡಿ ವರ್ಕ್‌ಶಾಪಲ್ಲಿ ನಿಲ್ಲಿಸಿದರೆ ಅವರನ್ನೆಲ್ಲ ಹೊತ್ತುಕೊಂಡು ಹೋಗ್ಲಾ? ಓಡ್ತಾ ಇದೆ. ಓಡ್ಲಿ ಬಿಡು."

ಓಡಿತು. ವಾರಗಳು ಕಳೆದವು. ಮಸಿ ಒರೆಸುವುದು ಸಿಸ್ಟರಕ್ಕನ ಬೆಳಗಿನ ಕೆಲಸಗಳಲ್ಲಿ ಒಂದಾಯಿತು. ಏರಿನಲ್ಲಿ ಬಾನೆಟ್ ಒಳಗಿಂದ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಒಂದು ಸದ್ದು ಶುರುವಾಯಿತು. ಡ್ರೈವರಣ್ಣ ಕಿಟಕಿ ಏರಿಸಿಕೊಂಡ.

ಆವತ್ತು ಎರಡು ದಿನದ ಬಿಡುವಿನ ನಂತರದ ಸರದಿ. ಮೂವರ ಮೈಯಲ್ಲೂ ನೀರು ಹೆಚ್ಚಿತ್ತು. ಟೀಚರಮ್ಮ ಪತ್ರಿಕೆ ತಿದ್ದುತ್ತಿರಲಿಲ್ಲ, ಸೀಟಿಗೆ ತಲೆ ಆನಿಸಿ ಬಾಯಿಂದ ಉಸಿರಾಡುತ್ತಿದ್ದರು. ಏರಿನ ಅರ್ಧ ದಾಟಿದಾಗ ಆ ಸಿಳ್ಳೆ ಚೀರಾಟವಾಯಿತು. ಏನೋ ಮುರಿದ ಸದ್ದು. ಗಾಡಿಯ ಎಳೆತ ಒಮ್ಮೆಲೇ ಸತ್ತುಹೋಯಿತು. ಡ್ರೈವರಣ್ಣ ರಸ್ತೆಯ ಅಂಚಿಗೆ ತಂದು ನಿಲ್ಲಿಸಿ ಕೀ ತಿರುಗಿಸಿದ.

ಎಂಜಿನ್ ನಿಲ್ಲಲಿಲ್ಲ.

ಕೀ ಕೈಯಲ್ಲಿತ್ತು, ಎಂಜಿನ್ ತನ್ನ ಪಾಡಿಗೆ ತಾನು ಕೂಗುತ್ತಾ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಹಿಂದಿನಿಂದ ಬಂದ ಬಿಳಿ ಹೊಗೆ ರಸ್ತೆಯನ್ನೇ ಮುಚ್ಚಿತು. ಸಿಸ್ಟರಕ್ಕ ಬಾಗಿಲು ತೆಗೆದು ಟೀಚರಮ್ಮನ ಕಂಕುಳಿಗೆ ಕೈ ಕೊಟ್ಟು ಇಳಿಸಿದಳು. ದರ್ಜಿ ಇಳಿದು ಇನ್ನೊಂದು ಕಡೆಯಿಂದ ಹಿಡಿದುಕೊಂಡ. ಹಡಗಜ್ಜ ಇಳಿಯಲಿಲ್ಲ.

"ಅಜ್ಜ, ಬನ್ನಿ," ಅಂದಳು ಆಕೆ.

"ನೀವು ರಸ್ತೆ ಪಕ್ಕಕ್ಕೆ ಹೋಗಿ. ಗಾಡಿ ಮುಂದೂ ನಿಲ್ಲಬೇಡಿ, ಹಿಂದೂ ನಿಲ್ಲಬೇಡಿ." ಆಮೇಲೆ ಅವರು ಡ್ರೈವರಣ್ಣನ ಹೆಗಲ ಮೇಲೆ ಕೈಯಿಟ್ಟರು. "ಕೀ ಬಿಡು, ಅದರ ಮಾತು ಇದು ಕೇಳಲ್ಲ ಈಗ. ಕ್ಲಚ್ ಒತ್ತು. ಮೇಲಿನ ಗೇರಿಗೆ ಹಾಕು. ಹ್ಯಾಂಡ್ ಬ್ರೇಕ್ ಎಳಿ, ಕಾಲಲ್ಲೂ ಬ್ರೇಕ್ ಒತ್ತಿ ಹಿಡಿ. ಹಿಡಿದೆಯಾ? ಈಗ ಕ್ಲಚ್ ಬಿಟ್ಟುಬಿಡು."

ಗಾಡಿ ಮೈಯೆಲ್ಲ ಅದುರಿ, ಒಮ್ಮೆ ಮುಂದಕ್ಕೆ ಜಗ್ಗಿತು. ಎಂಜಿನ್ ನಿಂತಿತು. ಬ್ರೇಕಿನ ಮೇಲಿಂದ ಕಾಲು ತೆಗೆಯಲು ಡ್ರೈವರಣ್ಣನಿಗೆ ಧೈರ್ಯ ಬರಲಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದರು. ಅದು ಬೇರೆ ಕಡೆ ಹೋಗಿತ್ತು. ಕೊನೆಗೆ ಬ್ರೆಡ್ ಸಾಗಿಸುವ ಒಂದು ವ್ಯಾನ್ ನಿಂತಿತು. ಡ್ರೈವರ್ ಪಕ್ಕ ಇಕ್ಕಟ್ಟಿನಲ್ಲಿ ಇಬ್ಬರಿಗಷ್ಟೇ ಜಾಗ.

"ಟೀಚರಮ್ಮ ಹೋಗಲಿ, ಜೊತೆಗೆ ಸಿಸ್ಟರಕ್ಕ," ಅಂದರು ಹಡಗಜ್ಜ. ದರ್ಜಿ ತಲೆಯಾಡಿಸಿದ. ಅಜ್ಜನ ಚಪ್ಪಲಿಯ ಪಟ್ಟಿ ಊದಿದ ಪಾದಕ್ಕೆ ಕಚ್ಚಿಕೊಂಡಿತ್ತು. ಅವರು ಕಲ್ಲಿನ ಮೇಲೆ ಕೂತು ಅದನ್ನು ಬಿಚ್ಚಿದರು.

ವ್ಯಾನಿನಲ್ಲಿ ಟೀಚರಮ್ಮನಿಗೆ ಮಾತು ನಿಂತಿತು. ತುಟಿ ನೀಲಿಗಟ್ಟಿತು. ಸಿಸ್ಟರಕ್ಕ ಅವರನ್ನು ನೆಟ್ಟಗೆ ಕೂರಿಸಿ ಹಿಡಿದು, "ಬಂತು, ಆಸ್ಪತ್ರೆ ಬಂತು," ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಡಯಾಲಿಸಿಸ್ ಕೋಣೆಗಲ್ಲ, ನೇರ ತುರ್ತು ಚಿಕಿತ್ಸೆಗೆ ಒಯ್ದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದರು. ಅಜ್ಜನಿಗೂ ದರ್ಜಿಗೂ ಆವತ್ತಿನ ಸರದಿ ತಪ್ಪಿತು. ಇಬ್ಬರೂ ಮನೆಗೆ ವಾಪಸ್ಸಾಗಿ ಮಾರನೆಯ ದಿನದವರೆಗೆ ನೀರಿನ ಲೋಟ ಮುಟ್ಟದೆ, ಮಲಗಲಾಗದೆ, ಕೂತೇ ಇದ್ದರು.

ವರ್ಕ್‌ಶಾಪಿನಲ್ಲಿ ಬಾನೆಟ್ ಬಿಚ್ಚಿದಾಗ ಡ್ರೈವರಣ್ಣ, ಬಾಮೈದ ಇಬ್ಬರೂ ಇದ್ದರು. ಚಿಕಿತ್ಸೆ ಮುಗಿಸಿ ಬಂದ ಹಡಗಜ್ಜನೂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೆಕ್ಯಾನಿಕ್ ಮೊದಲು ತೋರಿಸಿದ್ದು ಒಂದು ರಬ್ಬರ್ ಕೊಳವೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಫ್ಯಾನಿನಂಥ ಭಾಗ ಟರ್ಬೊ. ಅಲ್ಲಿಂದ ಗಾಳಿ ಒಯ್ಯುವ ಆ ಕೊಳವೆಯ ಅಡಿಯಲ್ಲಿ ಬೆರಳುದ್ದದ ಬಿರುಕು.

"ಗಾಡಿ ಏರು ಹತ್ತದೆ ಇದ್ದಿದ್ದು ಇದಕ್ಕೇ," ಅಂದ ಮೆಕ್ಯಾನಿಕ್. "ಗಾಳಿ ಸೋರ್ತಾ ಇತ್ತು. ಏರ್ ಫಿಲ್ಟರೂ ಧೂಳಲ್ಲಿ ಕಟ್ಟಿಕೊಂಡಿದೆ."

ಅಜ್ಜ ನಿಧಾನಕ್ಕೆ ಬಿಡಿಸಿ ಹೇಳಿದರು. "ಸೋರಿದ ಗಾಳಿ ತುಂಬಿಸೋಕೆ ಟರ್ಬೊ ಮೊದಲೇ ಮಿತಿಮೀರಿ ತಿರುಗ್ತಾ ಇತ್ತು. ಅದರ ಮೇಲೆ ಡಬ್ಬಿ ಹೆಚ್ಚು ಡೀಸೆಲ್ ಸುರಿಸಿತು, ಬಿಸಿ ಏರಿತು. ಟರ್ಬೊ ಒಡೀತು. ಅದರೊಳಗಿನ ಆಯಿಲ್ ಎಂಜಿನ್ನಿಗೆ ನುಗ್ಗಿತು. ಡೀಸೆಲ್ ನಿಲ್ಲಿಸಿದರೂ ಎಂಜಿನ್ ಆ ಆಯಿಲನ್ನೇ ಸುಟ್ಟುಕೊಂಡು ಓಡಿತು. ಅದಕ್ಕೇ ಕೀ ತೆಗೆದರೂ ನಿಲ್ಲಲಿಲ್ಲ."

ಬಾಮೈದ ಮುಖ ತಗ್ಗಿಸಿ ನಿಂತಿದ್ದ. "ನನ್ನ ಗಾಡಿಗೆ ಏನೂ ಆಗಿಲ್ವಲ್ಲ ಅಜ್ಜ," ಅಂದ. ಅದು ವಾದ ಆಗಿರಲಿಲ್ಲ, ಅರ್ಥವಾಗದೆ ಕೇಳಿದ್ದು.

"ಇನ್ನೂ ಆಗಿಲ್ಲ ಅನ್ನು. ನಿನ್ನ ಗಾಡಿ ಹೊಸದು, ನೀನೊಬ್ಬನೇ ಕೂತು ಸಪಾಟು ರಸ್ತೆಯಲ್ಲಿ ಓಡಿಸ್ತೀಯ. ಅಷ್ಟಕ್ಕೂ ಒಳಗೆ ಏನು ಸವೀತಾ ಇದೆ ಅಂತ ಹೊರಗೆ ನಿಂತವರಿಗೆ ಕಾಣಲ್ಲಪ್ಪ. ನನ್ನ ಮೂತ್ರಪಿಂಡವೂ ನನಗೆ ಹೇಳದೆಯೇ ಸವೆದಿದ್ದು."

ಬಾಮೈದ ಆವತ್ತೇ ತನ್ನ ಗಾಡಿಯ ಡಬ್ಬಿ ಕಿತ್ತ. ಅಂಗಡಿಯ ಕಪಾಟಿನಿಂದ ಉಳಿದವನ್ನೂ ತೆಗೆದ. ಆಮೇಲೆ ಮಾಡಿದ ಕೆಲಸ ಕಷ್ಟದ್ದು. ತನ್ನ ಹತ್ತಿರ ಡಬ್ಬಿ ಕೊಂಡವರ ಮನೆಗಳಿಗೆ ಒಂದೊಂದಾಗಿ ಹೋದ. ಕೆಲವರು ತೆಗೆಸಿದರು. ಕೆಲವರು ಬೈದರು. ಒಬ್ಬ, "ನೀನೇ ಅಲ್ಲವಾ ಹಾರಿಕೊಂಡು ಹೋಗುತ್ತೆ ಅಂದವನು?" ಅಂತ ನಕ್ಕು ಬಾಗಿಲು ಹಾಕಿಕೊಂಡ. ಅವನ ಮನೆಗೆ ಇನ್ನೊಮ್ಮೆ ಹೋದ. ಆಗಲೂ ಬಾಗಿಲು ತೆರೆಯಲಿಲ್ಲ.

ಡ್ರೈವರಣ್ಣನಿಗೆ ಟೀಚರಮ್ಮನ ಎದುರು ಹೋಗಲು ಮುಖವಿರಲಿಲ್ಲ. ಹೆಂಡತಿಯೇ ಕರೆದುಕೊಂಡು ಹೋದಳು. ವಾರ್ಡಿನಲ್ಲಿ ಟೀಚರಮ್ಮ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಒರಗಿ ಕೂತಿದ್ದರು. ಅವನು ಮಂಚದ ಕಂಬಿ ಹಿಡಿದು ನಿಂತ.

"ನನ್ನಿಂದ ತಪ್ಪಾಯ್ತಮ್ಮ. ಅಜ್ಜ ಹೇಳಿದ್ದರು, ಇವಳೂ ಹೇಳಿದ್ದಳು. ಬೇಗ ಮುಟ್ಟಿಸಬೇಕು ಅನ್ನೋದೊಂದೇ ತಲೆಯಲ್ಲಿತ್ತು."

ಟೀಚರಮ್ಮ ಮಾತಿಗೆ ಉಸಿರು ಒಟ್ಟುಮಾಡಿಕೊಂಡರು. "ನಮಗೆ ಬೇಗ ಹೋಗೋದು ಬೇಡಪ್ಪ. ಹೋಗಿ ಮುಟ್ಟಿದರೆ ಸಾಕು. ಇನ್ನು ಮೇಲೆ ಅರ್ಧ ಗಂಟೆ ಮುಂಚೆ ಹೊರಡೋಣ. ನಾನು ಬಾಗಿಲಲ್ಲೇ ನಿಂತಿರ್ತೀನಿ."

ಅವನು ತಲೆಯಾಡಿಸಿದ.

ಗಾಡಿ ರಿಪೇರಿಯಾಗುವವರೆಗೆ ಅವನು ಬೇರೆಯವರ ಗಾಡಿ ಕೇಳಿ ತಂದು ಅವರನ್ನು ಕರೆದುಕೊಂಡು ಹೋದ. ಟರ್ಬೊ ಬದಲಾಯಿತು, ಕೊಳವೆ ಬದಲಾಯಿತು, ಫಿಲ್ಟರ್ ಬದಲಾಯಿತು. ಡಬ್ಬಿ ಇಲ್ಲದ ಗಾಡಿ ಮೊದಲ ಸಲ ಏರಿಗೆ ಬಂದಾಗ ಎಲ್ಲರೂ ಎಂಜಿನ್ ಸದ್ದಿಗೇ ಕಿವಿಗೊಟ್ಟರು. ಹಿಂದಿನ ವರ್ಷ ಹತ್ತಿದ ಹಾಗೆಯೇ, ನಿಧಾನವಾಗಿ, ಒಂದೇ ಸಮನಾಗಿ ಹತ್ತಿತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಡೀಸೆಲ್ ಗಾಡಿಗೂ ಯಾರಾದರೂ ಪ್ರೀತಿಯಿಂದಲೇ ಇಂಥ ಡಬ್ಬಿ ತಂದುಕೊಡಬಹುದು. ಬೇಡ ಅನ್ನಿ. ಗಾಡಿಯ ಎಳೆತ ಕಡಿಮೆಯಾದರೆ ಯಾಕೆ ಅಂತ ವರ್ಕ್‌ಶಾಪಿನಲ್ಲಿ ಕೇಳಿ. ಏರ್ ಫಿಲ್ಟರ್ ನೋಡಿಸಿ, ಗಾಳಿಯ ಕೊಳವೆ ನೋಡಿಸಿ. ಕಪ್ಪು ಹೊಗೆ, ಹೊಸ ಸಿಳ್ಳೆ ಸದ್ದು ಬಂದರೆ ಕಿಟಕಿ ಏರಿಸಿಕೊಳ್ಳಬೇಡಿ, ಗಾಡಿ ತೋರಿಸಿ. ಡಬ್ಬಿ ಆಗಲೇ ಹಾಕಿಸಿದ್ದರೆ ನಾಚಿಕೆ ಪಡದೆ ಮೆಕ್ಯಾನಿಕ್‌ಗೆ ಹೇಳಿ ತೆಗೆಸಿ, ಒಳಗೆ ಏನಾದರೂ ಸವೆದಿದೆಯಾ ಅಂತ ಪರೀಕ್ಷೆ ಮಾಡಿಸಿ. ವಾರಂಟಿ, ವಿಮೆಯವರು ಇಂಥ ಬದಲಾವಣೆ ಒಪ್ಪದೇ ಇರಬಹುದು, ಅದನ್ನೂ ವಿಚಾರಿಸಿ. ಹಿಂದಿನ ಸೀಟಿನಲ್ಲಿ ಕೂತವರು ನಿಮ್ಮ ವೇಗ ನಂಬಿ ಬಂದವರಲ್ಲ, ನಿಮ್ಮನ್ನು ನಂಬಿ ಬಂದವರು. ತಡವಾಗುತ್ತೆ ಅನ್ನಿಸಿದರೆ ನಾಳೆ ಸ್ವಲ್ಪ ಮುಂಚೆ ಹೊರಡಿ.