ಮೂರು ಅಡಿ ನಾಲ್ಕು ಇಂಚು

೧೯೬೩ರ ಜನವರಿಯಲ್ಲಿ ಪುತ್ತೂರಿನ ಒಂದು ವಾಚನಾಲಯವು ತನ್ನ ಹತ್ತನೆಯ ವರ್ಷದ ನೆನಪಿಗೆ ಹವ್ಯಾಸಿಗಳಿಗಾಗಿ ಛಾಯಾಚಿತ್ರ ಸ್ಪರ್ಧೆಯೊಂದನ್ನು ಏರ್ಪಡಿಸಿತು. ನಿಯಮ ವಿಚಿತ್ರವಾಗಿತ್ತು. ವಾಚನಾಲಯದಲ್ಲಿರುವ ಯಾವುದಾದರೂ ಪುಸ್ತಕದ ಹೆಸರನ್ನು ಆರಿಸಿ, ಆ ಹೆಸರಿಗೆ ಒಪ್ಪುವ ಚಿತ್ರವನ್ನು ತೆಗೆಯಬೇಕು. ಪುಸ್ತಕವನ್ನು ಓದಿರಬೇಕಾಗಿಲ್ಲ. ಮೊದಲ ಬಹುಮಾನವೆಂದರೆ ಹೊಸದಾಗಿ ಬಂದ ಪುಸ್ತಕಗಳಲ್ಲಿ ವಿಜೇತರು ತಾವೇ ಆರಿಸಿಕೊಳ್ಳುವ ಹತ್ತು ಪುಸ್ತಕಗಳು.

ನಾನು ಆಗ ಬಿ.ಎಸ್ಸಿ. ಮುಗಿಸಿ ಕಡಬದ ಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕನಾಗಿ ಎರಡನೆಯ ವರ್ಷದಲ್ಲಿದ್ದೆ. ವಾಚನಾಲಯದ ಸದಸ್ಯನೂ ಆಗಿದ್ದೆ. ಆದರೆ ಅಲ್ಲಿಂದ ನಾನು ತರುತ್ತಿದ್ದ ಪುಸ್ತಕಗಳನ್ನು ಓದುತ್ತಿದ್ದವಳು ತಂಗಿ ನೀಲಾವತಿ. ಎಂಟನೆಯ ತರಗತಿಗೆ ಅವಳ ಶಾಲೆ ನಿಂತಿತ್ತು. ನನ್ನನ್ನು ಮಂಗಳೂರಿನ ಕಾಲೇಜಿಗೆ ಕಳುಹಿಸಿದ ವರ್ಷವೇ ಅದು ನಿಂತಿತು ಎಂಬುದನ್ನು ಮನೆಯಲ್ಲಿ ಯಾರೂ ಎತ್ತಿ ಆಡುತ್ತಿರಲಿಲ್ಲ. ಈಗ ಅವಳಿಗೆ ಕೋಡಿಂಬಾಳದ ಸಂಬಂಧ ನಿಶ್ಚಯವಾಗಿತ್ತು. ಮೇ ತಿಂಗಳಲ್ಲಿ ಮದುವೆ.

ಹೆಸರುಗಳನ್ನು ಆರಿಸಿದವಳು ಅವಳೇ. ವಾಚನಾಲಯದವರು ಅಂಚೆಯಲ್ಲಿ ಕಳುಹಿಸಿದ ಪಟ್ಟಿಯನ್ನು ಮೊಣಕಾಲ ಮೇಲೆ ಹರಡಿಕೊಂಡು ಮೂರಕ್ಕೆ ಪೆನ್ಸಿಲಿನಲ್ಲಿ ಗೀಟೆಳೆದಳು: ‘ಸಂತೆಯ ಮರುದಿನ’, ‘ಹಿಂದಿರುಗದ ಕೊಡೆ’, ‘ಅರ್ಧ ಹೆಣೆದ ಚಾಪೆ’.

“ಕೊಡೆ ಆಲಂಕಾರು ಪೇಟೆಯ ಅಂಗಡಿಯಲ್ಲಿ ಉಂಟು ಅಣ್ಣ,” ಎಂದಳು. “ಯಾರೋ ಮರೆತು ಹೋದದ್ದು. ಎರಡು ವರ್ಷದಿಂದ ನೇತಾಡಿಕೊಂಡೇ ಉಂಟು. ಚಾಪೆಗೆ ಝೈನಬಕ್ಕ.”

ನನ್ನಲ್ಲಿ ಒಂದು ಪೆಟ್ಟಿಗೆ ಕ್ಯಾಮರಾ ಇತ್ತು. ಒಂದು ರೋಲಿಗೆ ಹನ್ನೆರಡು ಚಿತ್ರ. ಅದನ್ನು ಕಣ್ಣಿಗೆ ಹಿಡಿಯುವುದಲ್ಲ, ಎದೆಯ ಕೆಳಗೆ ಹಿಡಿದು ಮೇಲಿನ ಗಾಜಿನೊಳಗೆ ಬಗ್ಗಿ ನೋಡುವುದು. ಬೆಳಕಿಗೆ ಎರಡೇ ಗುರುತು, ಬಿಸಿಲು ಮತ್ತು ಮೋಡ. ಕ್ಯಾಮರಾ ಸರಳವಾಗಿದ್ದುದರಿಂದ ನನ್ನ ನೋಟುಪುಸ್ತಕ ಸರಳವಾಗಿರಲಿಲ್ಲ. ಚಿತ್ರದ ಸಂಖ್ಯೆ, ದಿನ, ಗಂಟೆ, ಬೆಳಕು, ಟೇಪಿನಿಂದ ಅಳೆದ ದೂರ, ಪುಸ್ತಕದ ಹೆಸರು, ಗುಂಡಿ ಒತ್ತಿದವರು ಎಂದು ಏಳು ಅಂಕಣಗಳನ್ನು ಎಳೆದಿದ್ದೆ. ಏಳನೆಯ ಅಂಕಣದಲ್ಲಿ ಒಂದರಿಂದ ಎಂಟರವರೆಗೆ ‘ನಾನು’ ಎಂದೇ ಇದೆ.

ಝೈನಬಕ್ಕನ ಮನೆ ನಮ್ಮ ಗದ್ದೆಯ ಆಚೆಗೆ. ಅವರ ಗಂಡ ಕಾಸಿಂ ಬ್ಯಾರಿ ಸಂತೆಗಳಲ್ಲಿ ಒಣಮೀನು ಮಾರುವವರು. ಅಕ್ಕ ಕೇದಗೆ ಜಾತಿಯ ಮುಂಡೇವಿನ ಓಲೆಯ ಮುಳ್ಳು ತೆಗೆದು ಸೀಳಿ, ಬೇಯಿಸಿ, ಒಣಗಿಸಿ ಚಾಪೆ ಹೆಣೆಯುವವರು. ನಾವು ಹೋದಾಗ ಜಗಲಿಯಲ್ಲಿ ಅರ್ಧವಾದ ಚಾಪೆಯೊಂದು ನೆಲದ ಮೇಲಿತ್ತು. ಬೆಳಗಿನ ಬಿಸಿಲು ಅದರ ಒಂದು ಅಂಚಿಗೆ ಬಿದ್ದಿತ್ತು.

“ಮುಖ ಬೇಡ ಮಾಸ್ಟ್ರೆ,” ಎಂದರು ಝೈನಬಕ್ಕ, ತಲೆಯ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡು. “ಕೈ ಬೇಕಾದರೆ ತೆಗೆಯಿರಿ. ಕೈಗೆ ಎಂತ ನಾಚಿಕೆ?”

ನಾನು ಎಂಟು ಅಡಿ ದೂರ ಅಳೆದು ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿ ನಿಂತು ಗುಂಡಿ ಒತ್ತಿದೆ. ಅದು ಎಂಟನೆಯ ಚಿತ್ರ.

“ಒಂದು ನಾನು ಒತ್ತಲಾ?” ಎಂದಳು ನೀಲಾವತಿ.

ಒತ್ತುವಾಗ ಉಸಿರು ಹಿಡಿಯಬೇಕು, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಳ್ಳಬೇಕು ಎಂದೆಲ್ಲ ಹೇಳಿ ಕ್ಯಾಮರಾ ಕೊಟ್ಟೆ. ಅವಳು ಅದೇ ಗುರುತಿನ ಮೇಲೆ ನಿಂತಳು. ನಾನು ಪಕ್ಕದಲ್ಲಿ ನಿಂತು ಇನ್ನೂ ಹೇಳುತ್ತಿದ್ದೆ.

“ನೀವೊಮ್ಮೆ ಅಂಗಳಕ್ಕೆ ಹೋಗಿ ಮಾರಾಯ್ರೆ,” ಎಂದರು ಝೈನಬಕ್ಕ. “ಪರೀಕ್ಷೆಗೆ ಕೂತ ಹಾಗೆ ಆಗ್ತದೆ ನನಗೆ.”

ನಾನು ಅಂಗಳಕ್ಕೆ ಹೋಗಿ ಬೆನ್ನು ಹಾಕಿ ನಿಂತೆ. ಒಳಗೆ ಅವರಿಬ್ಬರೂ ಏನನ್ನೋ ಮಾತಾಡಿ ನಕ್ಕರು. ಬಹಳ ಹೊತ್ತಿನ ಮೇಲೆ ಗುಂಡಿಯ ಶಬ್ದ ಕೇಳಿಸಿತು. ನೋಟುಪುಸ್ತಕದಲ್ಲಿ ಬರೆದೆ: ‘೯ — ನೀಲಾವತಿ.’

ಮುಂದಿನ ಭಾನುವಾರ ಶಾಲೆಯ ಪ್ರಯೋಗಾಲಯದ ಕಿಟಕಿಗಳಿಗೆ ಕಂಬಳಿ ಕಟ್ಟಿ ಫಿಲ್ಮನ್ನು ತೊಳೆದೆ. ಒಣಗಿದ ಮೇಲೆ ಹನ್ನೆರಡು ನೆಗೆಟಿವ್‌ಗಳನ್ನೂ ಒಂದೊಂದಾಗಿ ಕತ್ತರಿಸಿ, ಬಳಿಕ ಕಾಗದದ ಲಕೋಟೆಗಳಿಗೆ ಹಾಕಿ ಸಂಖ್ಯೆ ಬರೆದೆ. ಮೊದಲು ಸಂಖ್ಯೆ ಬರೆದು ಆಮೇಲೆ ಕತ್ತರಿಸಬೇಕಾಗಿತ್ತು; ಬಿಡಿಬಿಡಿಯಾದ ಮೇಲೆ ಯಾವುದು ಮೊದಲಿನದೆಂದು ತಿಳಿಯುವಂತಿರಲಿಲ್ಲ. ಚಾಪೆಯ ಎರಡು ಚಿತ್ರಗಳಲ್ಲಿ ಒಂದರಲ್ಲಿ ಕೈಗಳು ಚಾಪೆಯ ಮೇಲೆ ಮರದ ತುಂಡುಗಳಂತೆ ಬಿದ್ದಿದ್ದವು. ಇನ್ನೊಂದರಲ್ಲಿ ಎಡಗೈಯ ಬೆರಳುಗಳು ಒಂದು ಓಲೆಯನ್ನು ಎತ್ತಿ ಹಿಡಿದಿದ್ದವು. ಬಲಗೈ ಅದರ ಅಡಿಯಿಂದ ಬರುತ್ತಿತ್ತು. ಆ ಕೈಗಳಿಗೆ ಎದುರಲ್ಲಿ ಯಾರೋ ಇದ್ದಾರೆ ಎಂಬ ಅರಿವೇ ಇರಲಿಲ್ಲ. ಚೆನ್ನಾಗಿ ಬಂದಿದ್ದ ಆ ನೆಗೆಟಿವ್ ಇದ್ದ ಲಕೋಟೆಯ ಮೇಲೆ ನಾನು ಇಂಕಿನಲ್ಲಿ ‘೮’ ಎಂದು ಬರೆದೆ. ಒಂದು ಕ್ಷಣವೂ ತಡೆಯಲಿಲ್ಲ.

ಮೂರು ಪುಸ್ತಕದ ಹೆಸರುಗಳಿಗೂ ಒಂದೊಂದು ಚಿತ್ರವನ್ನು ನನ್ನ ಹೆಸರಿನಲ್ಲಿ ಪುತ್ತೂರಿಗೆ ಕಳುಹಿಸಿದೆ.

ಏಪ್ರಿಲ್ ಮೊದಲ ವಾರದಲ್ಲಿ ಕಾರ್ಡು ಬಂತು. ‘ಅರ್ಧ ಹೆಣೆದ ಚಾಪೆ’ಗೆ ಪ್ರಥಮ ಬಹುಮಾನ. ಹದಿನಾಲ್ಕನೆಯ ತಾರೀಕು ಭಾನುವಾರ ಪ್ರದರ್ಶನ. ಚಿತ್ರ ತೆಗೆದ ವಿಧಾನವನ್ನು ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಒಂದು ಪುಟದಲ್ಲಿ ಬರೆದು ತರತಕ್ಕದ್ದು. ಅವ್ವ ಕಾರ್ಡನ್ನು ದೇವರ ಪಟದ ಅಡಿಗೆ ಇಟ್ಟಳು. ನೀಲಾವತಿ ಅದನ್ನು ಎರಡು ಸಲ ಓದಿದಳು. “ಹತ್ತು ಪುಸ್ತಕ ಅಣ್ಣ!” ಎಂದಳು.

ಆ ಒಂದು ಪುಟವೇ ಎಲ್ಲಕ್ಕೂ ಕಾರಣವಾಯಿತು. ದೂರ, ಬೆಳಕು, ಗಂಟೆ ಎಲ್ಲವೂ ನೋಟುಪುಸ್ತಕದಲ್ಲಿದ್ದವು. ಇರದಿದ್ದುದು ಒಂದೇ, ನೆಲದಿಂದ ಕ್ಯಾಮರಾದ ಎತ್ತರ. ಅದಿಲ್ಲದೆ ರೇಖಾಚಿತ್ರ ಪೂರ್ಣವಾಗದು. ಆದರೆ ಚಿತ್ರದಿಂದಲೇ ಅದನ್ನು ಕಂಡುಹಿಡಿಯಬಹುದು. ಚಾಪೆಯ ಎರಡು ಅಂಚುಗಳು ನೆಲದ ಮೇಲೆ ಸಮಾನಾಂತರ. ಚಿತ್ರದಲ್ಲಿ ಅವು ದೂರ ಹೋದಂತೆ ಹತ್ತಿರವಾಗುತ್ತವೆ. ಗೀಟುಕೋಲಿನಿಂದ ಮುಂದಕ್ಕೆ ಎಳೆದರೆ ಎಲ್ಲಿ ಸೇರುತ್ತವೆಯೋ ಅದು ಕ್ಯಾಮರಾದ ಕಣ್ಣಿನ ಮಟ್ಟ. ಆ ಬಿಂದುವಿನಿಂದ ಅಡ್ಡಗೀಟು ಎಳೆದೆ. ಅದು ಚಾಪೆಯ ಹಿಂದಿದ್ದ ಜಗಲಿಯ ಕಂಬವನ್ನು, ಕಂಬದ ಮೊಳೆಗಿಂತ ತುಸು ಕೆಳಗೆ ಮುಟ್ಟಿತು. ಇನ್ನು ಆ ಮೊಳೆಯ ಎತ್ತರವೊಂದು ಗೊತ್ತಾದರೆ ಸಾಕು.

ಸಂಜೆ ಟೇಪು ಹಿಡಿದು ಝೈನಬಕ್ಕನ ಜಗಲಿಗೆ ಹೋದೆ.

“ಎಂತ ಮಾಸ್ಟ್ರೆ, ಮನೆ ಅಳೆಯುದು?” ಎಂದರು. “ಜಪ್ತಿಯಾ? ನಮ್ಮವರು ಮೀನು ಬಿಟ್ಟು ಬೇರೆಂತ ಮಾಡ್ಲಿಲ್ಲ.”

“ಜಪ್ತಿ ಅಲ್ಲ ಅಕ್ಕ, ಲೆಕ್ಕ,” ಎಂದೆ.

ಮೊಳೆಯ ಕೆಳಗೆ ಗೀಟು ಮುಟ್ಟಿದ ಜಾಗ ನೆಲದಿಂದ ಮೂರು ಅಡಿ ನಾಲ್ಕು ಇಂಚು. ಇನ್ನೊಮ್ಮೆ ಅಳೆದೆ. ಮೂರು ಅಡಿ ನಾಲ್ಕು ಇಂಚೇ. ನಾನು ಎದೆಯ ಕೆಳಗೆ ಕ್ಯಾಮರಾ ಹಿಡಿದರೆ ಅದರ ಕಣ್ಣು ಮೂರು ಅಡಿ ಹನ್ನೊಂದು ಇಂಚಿನಲ್ಲಿರುತ್ತದೆ. ಅಷ್ಟು ವ್ಯತ್ಯಾಸ ಅಳತೆಯ ದೋಷದಿಂದ ಬರುವುದಿಲ್ಲ. ಜೇಬಿನಿಂದ ಇನ್ನೊಂದು ಚಿತ್ರವನ್ನು, ಕೈಗಳು ಸತ್ತು ಬಿದ್ದಿದ್ದುದನ್ನು, ತೆಗೆದು ಅದಕ್ಕೂ ಗೀಟೆಳೆದೆ. ಅದು ಮೊಳೆಗಿಂತ ಮೇಲಕ್ಕೆ ಹೋಯಿತು. ಮೂರು ಅಡಿ ಹನ್ನೊಂದು.

ನಾನು ಜಗಲಿಯ ತುದಿಯಲ್ಲಿ ಕುಳಿತೆ.

“ಎಂತಾಯ್ತು?”

ಎರಡೂ ಚಿತ್ರಗಳನ್ನು ಅವರ ಮುಂದಿಟ್ಟೆ. ಝೈನಬಕ್ಕ ನೋಡಿ ನಕ್ಕರು. “ಇದು ನೀವು ತೆಗೆದದ್ದು. ಕೈ ನಿಲ್ಲಿಸಿದ್ದೇನೆ ನೋಡಿ, ಹೆದರಿ. ಇದು ನೀಲಾವತಿ. ಅವಳು ಒತ್ತಲೇ ಇಲ್ಲ ಮಾರಾಯ್ರೆ. ಮದುವೆ ಸೀರೆ ಎಂತ ಬಣ್ಣ ಅಂತ ಹೇಳ್ತಾ ಇದ್ದಳು. ನಾನು ಕೆಲಸ ಸುರು ಮಾಡಿದೆ. ಯಾವಾಗ ಒತ್ತಿದಳೋ ನಂಗೆ ಗೊತ್ತೇ ಆಗ್ಲಿಲ್ಲ.”

ಮನೆಗೆ ಬಂದಾಗ ನೀಲಾವತಿ ಹಿತ್ತಿಲ ಮೆಟ್ಟಿಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಎದುರು ನಿಂತೆ.

“ಆ ಚಿತ್ರ ನಿಂದು.”

ಅವಳ ಕೈ ನಿಂತಿತು.

“ನಿನಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಹೇಳ್ಲಿಲ್ಲ ಎಂತಕ್ಕೆ?”

“ನೀನು ಇಂಕಿನಲ್ಲಿ ಬರೆದಾಗಿತ್ತಲ್ಲ ಅಣ್ಣ,” ಎಂದಳು. ತಮಾಷೆ ಮಾಡುವಂತಿತ್ತು ದನಿ. ಆದರೆ ಅವಳು ಮುಖ ಎತ್ತಲಿಲ್ಲ. “ಯಾರದ್ದಾದರೆಂತ? ಪುಸ್ತಕ ಹೇಗೂ ನಾನೇ ಓದುದು.”

“ಹೆಸರು?”

ಅವಳು ಒಂದು ಬೀಜವನ್ನು ಬೆರಳ ನಡುವೆ ತಿರುಗಿಸಿದಳು. ಆಮೇಲೆ ಹೇಳಿದಳು: “ಕಾರ್ಡು ಬಂದ ದಿವಸ ನಿನ್ನ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ ಓದಿದೆ. ಒಂದೇ ಸಲ. ಹೇಗೆ ಕಾಣ್ತದೆ ಅಂತ.”

ನಾನು ಒಳಗೆ ಹೋಗಿ ಆ ಪುಟವನ್ನು ಮೊದಲಿನಿಂದ ಬರೆದೆ. ಅವ್ವನಿಗೆ ವಿಷಯ ತಿಳಿದದ್ದು ಊಟದ ಹೊತ್ತಿಗೆ.

“ಹೆಣ್ಣುಮಗಳ ಹೆಸರು ಪುತ್ತೂರಿನ ಗೋಡೆಯಲ್ಲಿ ಎಂತಕ್ಕೆ?” ಎಂದಳು ಅವ್ವ. “ಕೋಡಿಂಬಾಳದವರು ಎಂತ ಹೇಳ್ಯಾರು?”

“ಅವ್ವ, ಕೈ ಝೈನಬಕ್ಕಂದು, ಚಾಪೆ ಝೈನಬಕ್ಕಂದು,” ಎಂದಳು ನೀಲಾವತಿ. “ನಾನು ಅದರಲ್ಲಿ ಎಲ್ಲಿ ಉಂಟು?”

ಅವ್ವ ಅನ್ನ ಕಲಸುತ್ತಾ ಯೋಚಿಸಿದಳು. “ಎಲ್ಲಿಯೂ ಇಲ್ಲದಿದ್ದರೆ ಹೆಸರು ಎಂತಕ್ಕೆ?” ಎಂದಳು. ಆದರೆ ಭಾನುವಾರ ಬೆಳಿಗ್ಗೆ ಮಗಳ ಜಡೆಗೆ ಮಲ್ಲಿಗೆ ಮುಡಿಸಿದವಳು ಅವಳೇ.

ವಾಚನಾಲಯದ ಕಾರ್ಯದರ್ಶಿ ಡೊಂಬಯ್ಯನವರು ನಿವೃತ್ತ ಪೋಸ್ಟ್ ಮಾಸ್ತರರು. ಪ್ರದರ್ಶನದ ಕೋಣೆಯಲ್ಲಿ ಜನ ಸೇರುವ ಮೊದಲೇ ನಾವು ತಲುಪಿದೆವು. ಅವರು ನನ್ನ ಪುಟವನ್ನು ಕನ್ನಡಕ ಹಾಕಿಕೊಂಡು ಓದಿದರು. ರೇಖಾಚಿತ್ರಗಳನ್ನು ನೋಡಿದರು. ಮತ್ತೆ ಓದಿದರು.

“ಮಾರಾಯ,” ಎಂದರು, “ಬಹುಮಾನ ನಂದಲ್ಲ ಅಂತ ಗೀಟು ಎಳೆದು ರುಜು ಮಾಡಿದವನನ್ನು ನಾನು ಮೊದಲ ಸಲ ನೋಡುದು.” ಆಮೇಲೆ ನಿಯಮಗಳ ಹಾಳೆಯನ್ನು ತೆಗೆದರು. ಮುಖ ಸಪ್ಪಗಾಯಿತು. “ಸ್ಪರ್ಧೆ ಸದಸ್ಯರಿಗೆ ಮಾತ್ರ. ಈ ಹುಡುಗಿ ಸದಸ್ಯೆ ಅಲ್ಲ. ಚಿತ್ರ ಅವಳದ್ದು ಅಂತ ಬರೆದರೆ ಬಹುಮಾನ ಎರಡನೆಯವರಿಗೆ ಹೋಗ್ತದೆ. ಏನೂ ಬರೆಯದಿದ್ದರೆ ಹತ್ತು ಪುಸ್ತಕ ನಿಮ್ಮದೇ. ನನಗೆ ಇದು ಗೊತ್ತೇ ಇಲ್ಲ ಅಂತ ಇಟ್ಟುಕೊಳ್ಳುವಾ.”

ನಾನು ಬಾಯಿ ತೆರೆದೆ. ಡೊಂಬಯ್ಯನವರು ಕೈ ಎತ್ತಿ ತಡೆದರು. “ನಿನ್ನನ್ನಲ್ಲ, ಅವಳನ್ನು ಕೇಳಿದ್ದು.”

ಮೇಜಿನ ಮೇಲೆ ಹೊಸ ಪುಸ್ತಕಗಳ ರಾಶಿಯಿತ್ತು. ಹೊದಿಕೆಯ ಬಣ್ಣ ಇನ್ನೂ ಮಾಸಿರಲಿಲ್ಲ. ಬಂದ ಕ್ಷಣದಿಂದ ನೀಲಾವತಿ ಅವುಗಳ ಬೆನ್ನಿನ ಹೆಸರುಗಳನ್ನು ಓದುತ್ತಿದ್ದುದನ್ನು ನಾನು ಗಮನಿಸಿದ್ದೆ. ಕೆಲವನ್ನು ಅವಳು ಆಗಲೇ ಮನಸ್ಸಿನಲ್ಲಿ ಆರಿಸಿಯೂ ಆಗಿತ್ತು. ಕೋಡಿಂಬಾಳದ ಮನೆಯಲ್ಲಿ ಪುಸ್ತಕವಿಲ್ಲವೆಂದು ಅವಳಿಗೆ ಗೊತ್ತು. ಮದುವೆಗೆ ಇನ್ನು ಇಪ್ಪತ್ತಾರು ದಿನ. ಅವಳು ರಾಶಿಯನ್ನು ನೋಡಿದಳು, ಗೋಡೆಯ ಮೇಲಿನ ಚಿತ್ರವನ್ನು ನೋಡಿದಳು, ಅದರ ಕೆಳಗೆ ಗುಂಡುಸೂಜಿ ಚುಚ್ಚಿದ್ದ ಚೀಟಿಯನ್ನು ನೋಡಿದಳು.

“ಹೆಸರು ಬರೆಯಿರಿ,” ಎಂದಳು. ದನಿ ಬಹಳ ಸಣ್ಣದಾಗಿತ್ತು.

“ಗಟ್ಟಿ ಹೇಳು ಮಗಳೇ.”

“ಹೆಸರು. ಪುಸ್ತಕ ಅವರಿಗೆ ಹೋಗಲಿ.”

ಡೊಂಬಯ್ಯನವರು ಹಳೆಯ ಚೀಟಿಯನ್ನು ಕಿತ್ತು, ಹೊಸದೊಂದನ್ನೂ ಪೆನ್ನನ್ನೂ ಅವಳ ಮುಂದೆ ಸರಿಸಿದರು. ಅವಳು ಮೇಜಿಗೆ ಬಗ್ಗಿ ಅಕ್ಷರಗಳನ್ನು ಒಂದೊಂದಾಗಿ ಬರೆದಳು: ‘ಛಾಯಾಚಿತ್ರ — ಕೆ. ನೀಲಾವತಿ, ಕಡಬ.’ ಬರೆದ ಮೇಲೆ ಪೆನ್ನು ಕೊಡಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಚಾಪೆ — ಝೈನಬ.’ ಆಮೇಲೆ ತಾನೇ ಅದನ್ನು ಗೋಡೆಗೆ ಚುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿದಳು. ಚೀಟಿ ಸ್ವಲ್ಪ ಓರೆಯಾಗಿತ್ತು. ನಾನು ಸರಿಮಾಡಲಿಲ್ಲ.

“ಸದಸ್ಯರಾಗ್ಲಿಕ್ಕೆ ಅರ್ಜಿ ಉಂಟಾ?” ಎಂದು ಅವಳು ಕೇಳಿದಳು.

ಡೊಂಬಯ್ಯನವರು ನಗುತ್ತಾ ಹಾಳೆ ಕೊಟ್ಟರು. ಹೆಸರಿನ ಜಾಗದಲ್ಲಿ ಈಗ ಸಲೀಸಾಗಿ ಬರೆದಳು. ವಿಳಾಸ ಎಂಬಲ್ಲಿ ಪೆನ್ನು ನಿಂತಿತು.

“ಯಾವುದು ಬರೆಯುದು ಅಣ್ಣ?”

ಡೊಂಬಯ್ಯನವರೇ ಹೇಳಿದರು: “ಪುಸ್ತಕ ಯಾವ ಊರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು, ಆ ಊರು ಬರಿ.”

‘ಕೋಡಿಂಬಾಳ’ ಎಂದು ಬರೆದಳು. ಶಾಯಿ ಆರಲೆಂದು ಊದಿದಳು.

“ಮೊದಲನೆಯದ್ದು ಈಗಲೇ ತೆಗೆದುಕೊಳ್ಳಬಹುದಾ?”

“ನಿನ್ನ ಹಕ್ಕು ಅದು. ಒಳಗೆ ಹೋಗಿ ನೋಡು.”

ಇಷ್ಟು ದಿನವೂ ನಾನು ಆರಿಸಿ ತಂದುದನ್ನೇ ಓದುತ್ತಿದ್ದವಳು ಕಪಾಟುಗಳ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಒಳಗೆ ಹೋದಳು. ಒಂದು ಪುಸ್ತಕ ತೆಗೆದು, ಎರಡು ಪುಟ ಓದಿ, ಇಟ್ಟಳು. ಇನ್ನೊಂದು ತೆಗೆದಳು. ಹೊರಗೆ ನಮ್ಮ ಬಸ್ಸಿನ ಹಾರ್ನ್ ಕೇಳಿಸಿತು. ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಬಸ್ಸು ಸಂಜೆಗೆ. ನಾನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತೆ.