ಬೆಚ್ಚಗಿನ ಗಿಳಿ

ಕೆಸರೆಯ ಆ ಮನೆಯಲ್ಲಿ ದೇವರ ಗೂಡಿಗಿಂತ ಬೂದಿಯ ಮಡಕೆಗೇ ಮಡಿ ಹೆಚ್ಚು. ಬೋರಮ್ಮನ ಗಂಡ ಹುಚ್ಚಯ್ಯ ಸೀಮೆಎಣ್ಣೆ ದೀಪದ ಉರಿಗೆ ಗಾಜಿನ ಕೊಳವೆ ಹಿಡಿದು, ಬಾಯಲ್ಲಿ ಊದಿ, ಇಕ್ಕಳದಲ್ಲಿ ಎಳೆದು ಗಿಳಿ, ಜಿಂಕೆ ಮಾಡುತ್ತಿದ್ದ. ಮಾಡಿದ್ದನ್ನೆಲ್ಲ ಬಿಸಿ ಬೂದಿಯಲ್ಲಿ ಹೂತಿಡುತ್ತಿದ್ದ. ಗಾಜು ಬೂದಿಯ ಜೊತೆಗೇ ನಿಧಾನವಾಗಿ ತಣಿಯಬೇಕು. ಬೆಳಗಾಗುವವರೆಗೆ ಹೆಂಡತಿಯೂ ಅದಕ್ಕೆ ಕೈ ಹಾಕಕೂಡದು.

ದಸರೆಗೆ ಬೊಂಬೆ ಕೂರಿಸುವ ಕಾಲ. ಹುಚ್ಚಯ್ಯ ಸೀಮೆಎಣ್ಣೆ ತರಲು ಹೋಗಿದ್ದಾಗ ಹಿಂದಿನ ಬೀದಿಯ ಅಂಬುಜಮ್ಮ ಬಂದರು. "ಮೊಮ್ಮಗಳು ಗಾಜಿನ ಗಿಳಿ ಬೇಕು ಅಂತ ಹಟ ಹಿಡಿದಿದಾಳೆ ಕಣೇ." ಮಾರಲು ಜೋಡಿಸಿಡುವ ಗೂಡಿನಲ್ಲಿ ಒಂದೂ ಉಳಿದಿರಲಿಲ್ಲ. ಹಬ್ಬದ ದಿನಗಳಲ್ಲಿ ಬಂದವರನ್ನು ಬರಿಗೈಲಿ ಕಳಿಸಲು ಬೋರಮ್ಮನಿಗೆ ಮನಸ್ಸು ಬರಲಿಲ್ಲ. ಬೂದಿ ಕೆದಕಿದಳು. ಬೆಚ್ಚಗಿದ್ದ ಗಿಳಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಫಳಫಳ ಹೊಳೆಸಿ ಕೊಟ್ಟುಬಿಟ್ಟಳು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆತುರಗಾತಿಯನ್ನೇನು ಗಾದೆ ಬಿಟ್ಟೀತೆ?

ಹುಚ್ಚಯ್ಯ ಬಂದವನೇ ಮಡಕೆ ನೋಡಿದ. "ಯಾರೇ ಕೆದಕಿದ್ದು?"

"ನಾನೇ. ಅಂಬುಜಮ್ಮೋರ ಮೊಮ್ಮಗೀಗೆ ಒಂದು ಗಿಳಿ ಕೊಟ್ಟೆ. ಬೂದಿ ಮೆತ್ಕೊಂಡಿತ್ತು, ಒದ್ದೆ ಬಟ್ಟೇಲಿ ಒರೆಸ್ದೆ."

"ಒದ್ದೆ ಬಟ್ಟೇಲಾ? ಎಂಥಾ ಕೆಲ್ಸ ಮಾಡ್ಬುಟ್ಟೆ! ಮ್ಯಾಲೆ ಚೆನ್ನಾಗೇ ಇರ್ತದೆ ಕಣೇ, ಒಳಗೊಳಗೇ ಬಿರಿದಿರ್ತದೆ. ಯಾವ ಗಳಿಗೇಲಾದ್ರೂ ಸಿಡೀತದೆ. ಮಗು ಬಾಯಿಗಾಕ್ಕೊಂಡ್ರೆ..."

ಮಾತು ಮುಗಿಯುವ ಮೊದಲೇ ಬೋರಮ್ಮ ಬೀದಿಗಿಳಿದು ಓಡಿದಳು. ದಾರಿಯಲ್ಲಿ ಎಲ್ಲೋ ಒಂದು ಕೂಸು ಚಿಟ್ಟನೆ ಚೀರಿತು. ಅಲ್ಲ, ಅದು ಬೇರೆ ಮನೆ. ತಾಯಿ ಚಾಮುಂಡಿ, ಕಣ್ಣು ಕಾಪಾಡವ್ವ, ಆ ಕೂಸಿನ ಕಣ್ಣು ಕಾಪಾಡು.

ಅಂಬುಜಮ್ಮನವರ ಮನೆಯ ಜಗಲಿಯ ಮೇಲೆ ಮೊಮ್ಮಗಳು ಪುಟ್ಟ ಅಲಮೇಲು ಒಬ್ಬಳೇ ಕೂತು ಗಿಳಿಯ ಕೊಕ್ಕಿಗೆ ಮುತ್ತು ಕೊಡುತ್ತಿದ್ದಳು.

ಗಂಟಲವರೆಗೆ ಬಂದ ಕೂಗನ್ನು ಬೋರಮ್ಮ ನುಂಗಿಕೊಂಡಳು. ಕೂಗಿದರೆ ಮಗು ಬೆಚ್ಚುತ್ತದೆ, ಬೆಚ್ಚಿದರೆ ಬಿಗಿಯಾಗಿ ಹಿಡಿಯುತ್ತದೆ. ಮೆಲ್ಲಗೆ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. "ಪುಟ್ಟವ್ವಾ, ಗಿಳಿಗೆ ಹೊಟ್ಟೆ ಹಸೀತಾ ಅದೆ. ನಂಗೆ ಕೊಡವ್ವ, ಕಾಳು ತಿನ್ಸಿ ತತ್ತೀನಿ."

ಅಲಮೇಲು ಗಿಳಿಯನ್ನು ಕೆನ್ನೆಗೆ ಒತ್ತಿಕೊಂಡಳು. ಕೊಡುವುದೋ ಬೇಡವೋ ಎಂದು ಯೋಚಿಸಿದಳು. ಬೋರಮ್ಮ ಕೈ ಚಾಚಿಕೊಂಡೇ ಇದ್ದಳು.

"ತುಂಬಾ ತಿನ್ಸು" ಎಂದು ಮಗು ಗಿಳಿಯನ್ನು ಅವಳ ಅಂಗೈಯಲ್ಲಿ ಇಟ್ಟಿತು.

ಗಾಜಿನೊಳಗೆ ಟಿಕ್ ಎಂದು ಸದ್ದಾಯಿತು. ಏನದು ಎಂದು ಅಲಮೇಲು ಮುಖವನ್ನು ಹತ್ತಿರ ತಂದಳು. ಎಸೆಯಲು ಹೊತ್ತೆಲ್ಲಿ? ಬೋರಮ್ಮ ಎರಡೂ ಕೈ ಸೇರಿಸಿ ಮುಷ್ಟಿ ಬಿಗಿದಳು.

ಅಂಬುಜಮ್ಮ ಹೊರಗೆ ಬಂದರು. "ಕೊಟ್ಟಿದ್ದನ್ನ ಕಿತ್ಕೊಳ್ಳೋಕೆ ಬಂದ್ಯೇನೇ? ಎಲ್ಲಿ ಗಿಳಿ? ಕೈ ಬಿಚ್ಚು!"

"ಬಿಚ್ತೀನಿ ಅಮ್ಮಾವ್ರೆ." ಬೆರಳ ಸಂದಿಯಿಂದ ರಕ್ತ ಮಣಿಕಟ್ಟಿಗೆ ಇಳಿಯುತ್ತಿತ್ತು. "ಮೊದ್ಲು ಮಗೀನ ಒಳೀಕೆ ಕರ್ಕೊಂಡೋಗಿ."