ಮತ್ತಿ ಮರದ ನೀರುಕಾಗೆಗಳು

ಕಟ್ಟೆಮಳಲವಾಡಿಯ ಚಿಕ್ಕಬೀರಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಮಂಜಾಗಿ, ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಸಂಜೆಯಾದರೆ ಹೊಳೆದಂಡೆಗೆ ಹೋಗಲೇಬೇಕು. ಸೊಸೆ ಮಂಗಳಾ ಒಂದು ಕೈಯಲ್ಲಿ ಅತ್ತೆಯನ್ನೂ ಇನ್ನೊಂದು ಕೈಯಲ್ಲಿ ಮೊಬೈಲನ್ನೂ ಹಿಡಿದು ನಡೆಯುತ್ತಿದ್ದಳು.

"ಇವತ್ತು ಏನೇನವೆ, ಹೇಳವ್ವ."

"ಮತ್ತಿ ಮರದ ತುಂಬ ನೀರುಕಾಗೆ ಕಣತ್ತೆ. ರೆಕ್ಕೆ ಒಣಗಾಕ್ಕಂಡು ಕುಂತವೆ."

ಮಂಗಳಾ ತಲೆಯನ್ನೇ ಎತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಆ ಮರದಲ್ಲಿ ಕಂಡಿದ್ದನ್ನೇ ಅದಲು ಬದಲು ಮಾಡಿ ದಿನವೂ ಹೇಳುತ್ತಿದ್ದಳು. ಅತ್ತೆಯ ಮುಖ ಅರಳುತ್ತಿತ್ತು. ಅದನ್ನು ಸುಳ್ಳೆಂದು ಅವಳು ಎಣಿಸಿರಲೂ ಇಲ್ಲ.

ಒಂದು ಸಂಜೆ ಒಗೆಯುವ ಕಲ್ಲಿನ ಬಳಿ ಪಕ್ಕದ ಮನೆಯ ಮಾಯಮ್ಮ ಸಿಕ್ಕಳು. ಚಿಕ್ಕಬೀರಮ್ಮ ಹೆಮ್ಮೆಯಿಂದ, "ನನ್ ಸೊಸೆ ಕಣ್ಣಲ್ಲೇ ನಾನು ಹೊಳೆ ನೋಡೋದು ಕಣೆ. ಮತ್ತಿ ಮರದಲ್ಲಿ ಈ ಸತಿ ಏಟೊಂದು ನೀರುಕಾಗೆ ಅಂತೀಯ!" ಎಂದಳು.

ಮಾಯಮ್ಮ ಹಿಂಡುತ್ತಿದ್ದ ಸೀರೆಯನ್ನು ಬಿಟ್ಟು ನಕ್ಕಳು. "ಯಾವ ಮತ್ತಿ ಮರ ಕಣಕ್ಕಾ? ವಾದ್ ಮಳೆಗಾಲ್ದಲ್ಲಿ ಹೊಳೆ ಬಂದಾಗ್ಲೇ ಬುಡ ಸಮೇತ ಕೊಚ್ಕಂಡು ವಾಯ್ತಲ್ಲ!"

ಮಂಗಳಾ ತಲೆ ಎತ್ತಿದಳು. ಮರವಿದ್ದ ಕಡೆ ದಂಡೆ ಕುಸಿದು, ಬರಿಯ ಕೆಂಪು ಮಣ್ಣು ಗೋಡೆಯಂತೆ ನಿಂತಿತ್ತು. ಇಷ್ಟು ತಿಂಗಳು ಅದರ ಪಕ್ಕದಲ್ಲೇ ಓಡಾಡಿದ್ದಳು. ಅವಳ ಕಿವಿ ಬಿಸಿಯಾಯಿತು.

ಚಿಕ್ಕಬೀರಮ್ಮ ಮಾಯಮ್ಮನ ದನಿಯತ್ತ ತಿರುಗಿದಳು. ಆಮೇಲೆ, "ನಾನೇ ತಪ್ಪಾಗಿ ಕೇಳುಸ್ಕಂಡಿರ್ಬೇಕು ಬುಡು. ಇವಳು ಆ ಕಡೆ ದಡದ ಮರ ಹೇಳಿದ್ಲು" ಎಂದಳು.

ಆ ಕಡೆ ದಡದಲ್ಲಿ ಮತ್ತಿ ಮರವೇ ಇಲ್ಲವೆಂದು ಮೂವರಿಗೂ ಗೊತ್ತಿತ್ತು. ಬೈದಿದ್ದರೆ ಮಂಗಳಾ ತಡೆದುಕೊಳ್ಳುತ್ತಿದ್ದಳೇನೋ. ಸೊಸೆಯ ಮಾನ ಕಾಯಲು ಅತ್ತೆ ಮಾಯಮ್ಮನ ಎದುರು ಸುಳ್ಳಾಡಿದ್ದು ಅವಳನ್ನು ಸುಟ್ಟಿತು.

ಮಾರನೆಯ ಸಂಜೆ ಚಿಕ್ಕಬೀರಮ್ಮ ಕಾಲುನೋವೆಂದು ಜಗಲಿ ಬಿಟ್ಟೇಳಲಿಲ್ಲ. ಮಂಗಳಾ ಒಬ್ಬಳೇ ಹೋಗಿ, ಕತ್ತಲಾಗುವವರೆಗೂ ಕುಸಿದ ದಂಡೆಯ ಎದುರು ಕುಳಿತು ಬಂದಳು.

"ಅತ್ತೆ, ನಾನು ನೋಡ್ದೇನೇ ಹೇಳ್ತಿದ್ದೆ. ತಪ್ಪಾಯ್ತು."

"ಊಂ" ಎಂದಳು ಚಿಕ್ಕಬೀರಮ್ಮ. ಆಮೇಲೆ, "ನಾಳೆ ಕರ್ಕಂಡೋಗು."

ಮರುದಿನ ಮಂಗಳಾ ಕಂಡಿದ್ದನ್ನಷ್ಟೇ ಹೇಳಿದಳು. "ಮಣ್ಣಿನ ಗೋಡೇಲಿ ತೂತು ಕೊರ್ದವೆ ಅತ್ತೆ. ಹಸ್ರು ಹಕ್ಕಿಗಳು. ಬಾಲದಲ್ಲಿ ಸೂಜಿಯಂಗೆ ಒಂದು ಗರಿ. ಹೆಸ್ರು ಗೊತ್ತಿಲ್ಲ."

ಅತ್ತೆಯ ಮುಖ ಅರಳಲಿಲ್ಲ. ಅವಳು ನಿಂತಲ್ಲೇ ಕತ್ತು ವಾಲಿಸಿ, ಹಕ್ಕಿಯ ದನಿ ತನ್ನ ಕಿವಿಗೇ ಬೀಳುವವರೆಗೂ ಕಾದಳು. ಬಿದ್ದ ಮೇಲೆ, "ಹೂಂ, ಅವೆ" ಎಂದಳು.

ಅತ್ತೆ ಹಾಗೆ ಕಾದು ನಿಂತಷ್ಟು ಹೊತ್ತೂ ಮಂಗಳಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.